ಕರೆಂಟ್ ಹೋದ ಮೇಲೆ ಬಾಗಿಲು ತೋರಿಸುವ ದೀಪ

ಸೊಲ್ಲಾಪುರದಿಂದ ವಳಸಂಗಕ್ಕೆ ಹೋಗುವ ಅಕ್ಕಲಕೋಟೆ ರಸ್ತೆಯಲ್ಲಿ ಎಂಐಡಿಸಿ ಇದೆ. 2025ರ ಮೇ 18ರ ನಸುಕಿನಲ್ಲಿ ಅಲ್ಲಿನ ಟವೆಲ್ ಕಾರ್ಖಾನೆಗೆ ಬೆಂಕಿ ಬಿದ್ದು, ಮಾಲಕರ ಕುಟುಂಬದವರೂ ಕಾರ್ಮಿಕರೂ ಸೇರಿ 8 ಮಂದಿ ಮೃತಪಟ್ಟರು.

ಬೆಂಕಿ ಬಿದ್ದಾಗ ಕರೆಂಟ್ ಹೋಗುತ್ತದೆ, ಹೊಗೆ ತುಂಬುತ್ತದೆ. ದಿನಾ ನಡೆದ ಬಾಗಿಲೂ ಸಿಗಲ್ಲ. ಆಗ ದಾರಿ ತೋರಿಸಬೇಕಾದ್ದು ಎಮರ್ಜೆನ್ಸಿ ಲೈಟ್. ಚಾರ್ಜಿಂಗಿನ ಸಣ್ಣ ದೀಪ ಉರಿಯುತ್ತಿದ್ದರೂ ಒಳಗಿನ ಬ್ಯಾಟರಿ ಸತ್ತಿರಬಹುದು. ಅದಕ್ಕೇ ತಿಂಗಳಿಗೊಮ್ಮೆ ಆ ಲೈನ್ ಆಫ್ ಮಾಡಿ, ಲೈಟ್ ಹೊತ್ತುತ್ತದಾ ನೋಡಬೇಕು. ವರ್ಷಕ್ಕೊಮ್ಮೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ 90 ನಿಮಿಷ ಪೂರ್ತಿ ಉರಿಸಬೇಕು. ಮರಳಿ ಚಾರ್ಜ್ ಆಗಲು ಹೊತ್ತು ಬೇಕು, ಹಾಗಾಗಿ ರಜೆಯ ದಿನವೇ ಒಳ್ಳೆಯದು. ನಡುವೆಯೇ ಮಂಕಾದರೆ ಬ್ಯಾಟರಿ ಬದಲಿಸಿ, ತಾರೀಕು ಬರೆದಿಡಿ.

ಮಾಲು ಪೇರಿಸಿ ಲೈಟನ್ನೇ ಮುಚ್ಚಿಡುವ ಅಂಗಡಿಗಳೂ ಇವೆ! ಹುಡುಗರು ಗೋದಾಮಿನಲ್ಲೇ ಮಲಗುವುದಾದರೆ ಪರೀಕ್ಷೆ ರಾತ್ರಿಯೇ ಆಗಲಿ, ಅವರು ಮಲಗುವ ಜಾಗದಿಂದ ಶಟರ್‌ವರೆಗೆ ನಡೆದು ನೋಡಲಿ.