ಮೇಲೆ ಕೆಂಡ, ಕೆಳಗೆ ಸಾಲ್ಮನ್

ಅಮೆರಿಕ, ಕೆನಡಾದ ಮನೆಗಳಲ್ಲಿ ಒಲೆಯ ಬುಡದಲ್ಲೇ ದೊಡ್ಡ ಓವನ್ ಇರುತ್ತದೆ. ಅದನ್ನು ‘ಬ್ರಾಯ್ಲ್’ಗೆ ತಿರುಗಿಸಿದರೆ ಒಳಚಾವಣಿಯ ಕಂಬಿ ಮಾತ್ರ ಕೆಂಪಗೆ ಕಾಯುತ್ತದೆ, ಗ್ಯಾಸ್ ಓವನ್ನಾದರೆ ಅಲ್ಲಿ ಉರಿ ಹೊತ್ತುತ್ತದೆ. ಅಲ್ಲಿ ನೆಲೆಸಿರುವ ನಮ್ಮ ಕರಾವಳಿಯವರೂ ತಾಜಾ ಬಂಗುಡೆ, ಅಂಜಲ್ ಸಿಗದಿದ್ದಾಗ ಸಾಲ್ಮನ್ ತಂದು ಇದರಡಿ ಇಡುತ್ತಾರೆ. ಹತ್ತು ನಿಮಿಷದ ಅಡುಗೆ. ಆದರೆ ಕೆಲವೊಮ್ಮೆ ಮೇಲ್ಭಾಗ ಕರಕಲು, ಒಳಗೆ ಹಸಿಹಸಿ. ಇನ್ನು ಕೆಲವೊಮ್ಮೆ ಮೇಲೆ ಬಣ್ಣವೇ ಬಂದಿರುವುದಿಲ್ಲ, ಒಳಗೆ ಹತ್ತಿಯಂತೆ ಒಣಗಿರುತ್ತದೆ. ಮೀನಿನ ಮೈಗೆ ಬಿಸಿ ತಗಲುವ ಬಗೆ ಒಂದು, ಅದು ಒಳಗಿಳಿಯುವ ಬಗೆ ಮತ್ತೊಂದು. ತೊಂದರೆಯೆಲ್ಲ ಅಲ್ಲಿಂದಲೇ.

ಮಾಮೂಲಿ ಬೇಕಿಂಗ್‌ನಲ್ಲಿ ಬಿಸಿಗಾಳಿಗೆ ದೊಡ್ಡ ಪಾತ್ರ. ಗಾಳಿ ಶಾಖ ಸಾಗಿಸುವುದರಲ್ಲಿ ಬಲು ಸೋಮಾರಿ. ಕುದಿಯುವ ನೀರಿಗೆ ಬೆರಳು ತಗಲಿದರೆ ಬೊಬ್ಬೆ ಏಳುತ್ತದೆ, 200 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನ ಗಾಳಿಯಲ್ಲಿ ಕ್ಷಣಕಾಲ ಕೈಯಾಡಿಸಿದರೆ ಏನೂ ಆಗುವುದಿಲ್ಲ. ಒಳಚಾವಣಿಯ ಆ ಕಂಬಿ, ಅಂದರೆ ಬ್ರಾಯ್ಲರ್, ಗಾಳಿಯನ್ನು ನೆಚ್ಚಿಕೊಂಡಿಲ್ಲ. ಚಳಿಗಾಲದಲ್ಲಿ ಬೆಂಕಿಯ ಮುಂದೆ ಕೂತರೆ ಮುಖ ಚುರುಗುಟ್ಟುತ್ತದೆ, ಬೆನ್ನು ತಣ್ಣಗೇ ಇರುತ್ತದೆ. ಅದೇ ಉಷ್ಣವಿಕಿರಣ ಇಲ್ಲಿಯೂ ಕೆಲಸ ಮಾಡುತ್ತದೆ. ಕಾದ ವಸ್ತು ಹೊಮ್ಮಿಸುವ ವಿಕಿರಣ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೇ ಘಾತದಂತೆ ಏರುತ್ತದೆ ಎಂದು 1879ರಲ್ಲಿ ಯೋಸೆಫ್ ಸ್ಟೆಫಾನ್ ಕಂಡುಕೊಂಡರು. ಕೆಂಪಗೆ ಹೊಳೆಯುವ ಕಂಬಿ 800 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳಿ. 200 ಡಿಗ್ರಿಯ ಓವನ್ ಗೋಡೆಗೆ ಹೋಲಿಸಿದರೆ ಅದರ ಉಷ್ಣತೆ ಸೆಲ್ಸಿಯಸ್ ಲೆಕ್ಕದಲ್ಲಿ ನಾಲ್ಕು ಪಟ್ಟು; ನಿರಪೇಕ್ಷ ಮಾನದಲ್ಲಂತೂ ಸುಮಾರು ಎರಡೂಕಾಲು ಪಟ್ಟಷ್ಟೇ. ಆದರೆ ಅದರ ಒಂದೊಂದು ಚದರ ಸೆಂಟಿಮೀಟರೂ ಸೂಸುವ ವಿಕಿರಣ ಇಪ್ಪತ್ತೈದು ಪಟ್ಟಿಗೂ ಹೆಚ್ಚು.

ಇಷ್ಟು ಶಾಖ ಬಿದ್ದರೂ ಮೀನು ಕೂಡಲೇ ಕೆಂಪಾಗುವುದಿಲ್ಲ. ಅಡ್ಡಿ ಮಾಡುವುದು ನೀರು. ಮೇಲ್ಮೈ ಒದ್ದೆ ಇರುವಷ್ಟು ಹೊತ್ತು ಅಲ್ಲಿನ ಉಷ್ಣತೆ 100 ಡಿಗ್ರಿ ದಾಟದು. ಬಂದ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಒಂದು ಲೋಟ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಸುವುದಕ್ಕೆ ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು, ಕುದಿಯುವ ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಬೇಕು. ಇತ್ತ ಹುರಿದ ಪದಾರ್ಥಗಳ ಕಂದು ಬಣ್ಣ, ಘಮ ಎರಡನ್ನೂ ಕೊಡುವ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಫ್ರಾನ್ಸಿನ ಲೂಯಿ ಕಮಿಲ್ ಮೈಲಾರ್ 1912ರಲ್ಲಿ ವಿವರಿಸಿದ ಕ್ರಿಯೆ ಅದು. ಮೀನನ್ನು ಒರೆಸದೆ ಓವನ್ನಿಗೆ ತಳ್ಳಿದರೆ ಮೊದಲ ಕೆಲವು ನಿಮಿಷ ಮೇಲ್ಮೈ ಹಬೆಯಲ್ಲಿ ಬೇಯುತ್ತದೆ, ಅಷ್ಟರಲ್ಲಿ ಒಳಭಾಗ ಮುಂದೆ ಹೋಗಿಬಿಟ್ಟಿರುತ್ತದೆ. ಕಾಗದದಲ್ಲೋ ಬಟ್ಟೆಯಲ್ಲೋ ಒತ್ತಿ ಒರೆಸಿ, ಎಣ್ಣೆ ಸವರಿ ಇಡುವುದೇ ಇದಕ್ಕೆ ಮದ್ದು. ಬೆಲ್ಲ, ಜೇನು ಸೇರಿದ ಲೇಪವನ್ನು ಕೊನೆಯ ಎರಡು ನಿಮಿಷಕ್ಕೆ ಇಟ್ಟುಕೊಳ್ಳಿ; ಸಕ್ಕರೆ ಬೇಗ ಸೀಯುತ್ತದೆ.

ಇನ್ನು ಒಳಗಿನ ಕತೆ. ಅವಕೆಂಪು ಕಿರಣಗಳು ಮೀನಿನ ಆಳಕ್ಕೆ ಇಳಿಯುವುದಿಲ್ಲ, ಮೇಲಿನ ತೆಳು ಪದರದಲ್ಲೇ ಹೀರಿಹೋಗುತ್ತವೆ. ಅಲ್ಲಿಂದ ಮುಂದೆ ಶಾಖ ಕಣದಿಂದ ಕಣಕ್ಕೆ ವಹನದ ಮೂಲಕ ತೆವಳಬೇಕು. ಒಂದು ಅಂಗುಲ ದಪ್ಪಕ್ಕೆ ಹತ್ತು ನಿಮಿಷ ಎಂಬ ಸೂತ್ರವೊಂದು ಉತ್ತರ ಅಮೆರಿಕದ ಅಡುಗೆಮನೆಗಳಲ್ಲಿ ಬಲು ಪ್ರಚಲಿತ. ಒಂದಂಗುಲದ ಆಸುಪಾಸಿನಲ್ಲಿ ಅದು ನಡೆಯುತ್ತದೆ, ಆಚೀಚೆ ಹೋದರೆ ಕೈಕೊಡುತ್ತದೆ. ವಹನಕ್ಕೆ ಬೇಕಾದ ಕಾಲ ದಪ್ಪದ ಜೊತೆಗಲ್ಲ, ಹೆಚ್ಚುಕಡಿಮೆ ದಪ್ಪದ ವರ್ಗದ ಜೊತೆಗೆ ಏರುತ್ತದೆ. ಮೂರು ಸೆಂಟಿಮೀಟರಿನ ನಡುತುಂಡಿಗೆ, ಒಂದೂವರೆ ಸೆಂಟಿಮೀಟರಿನ ಬಾಲದ ತುಂಡಿಗಿಂತ ಎರಡಲ್ಲ, ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಎರಡನ್ನೂ ಒಂದೇ ತಟ್ಟೆಯಲ್ಲಿ ಒಟ್ಟಿಗೆ ಇಟ್ಟು ಒಟ್ಟಿಗೆ ತೆಗೆಯುವುದು ಬಾಲದ ತುಂಡಿಗೆ ಮಾಡುವ ಅನ್ಯಾಯ.

ಒಳಗೆ ಆಗಬೇಕಾದ ಬದಲಾವಣೆಗೆ ಹೆಚ್ಚು ಶಾಖವೂ ಬೇಡ. ನೀರು ಮೀನಿನ ಭಾರ ಹೊರುವುದರಿಂದ ಅದಕ್ಕೆ ದನ, ಕುರಿಗಳಂತೆ ಗಟ್ಟಿ ನಾರಿನ ಅಗತ್ಯವಿಲ್ಲ. ಗಿಡ್ಡ ಸ್ನಾಯುವಿನ ಪಟ್ಟಿಗಳು, ಅವುಗಳ ನಡುವೆ ಕೊಲಾಜೆನ್ನಿನ ತೆಳು ಹಾಳೆ, ಅಷ್ಟೇ. ಈ ಹಾಳೆ ಕರಗಿದಾಗ ಮೀನು ಎಸಳೆಸಳಾಗಿ ಬಿಡುತ್ತದೆ. ತಣ್ಣೀರಿನ ಮೀನಾದ ಸಾಲ್ಮನ್ನಿನ ಸ್ನಾಯು ಪ್ರೋಟೀನುಗಳು 40 ಡಿಗ್ರಿಯ ಸುಮಾರಿಗೇ ಸುರುಳಿ ಬಿಚ್ಚಲಾರಂಭಿಸುತ್ತವೆ. 50ರ ಆಚೀಚೆ ಮಾಂಸ ಮೃದು, ರಸಭರಿತ. 60 ದಾಟಿತೋ, ನಾರುಗಳು ಬಿಗಿದುಕೊಂಡು ರಸ ಹಿಂಡುತ್ತವೆ. ಆಗ ಬದಿಗಳಲ್ಲಿ ಮೊಸರಿನಂಥ ಬಿಳಿ ಗಸಿ ಕಾಣುತ್ತದೆ. ಕೊಬ್ಬು ಎಂದು ಹಲವರು ಅದನ್ನು ಕೆರೆದು ಎಸೆಯುತ್ತಾರೆ. ಅದು ಹೊರಬಂದು ಹೆಪ್ಪುಗಟ್ಟಿದ ಪ್ರೋಟೀನು, ತಿಂದರೆ ಏನೂ ಆಗದು. ಬೇಯಿಸುವ ಮುಂಚೆ ಹತ್ತು ನಿಮಿಷ ಉಪ್ಪುನೀರಿನಲ್ಲಿಟ್ಟು ಒರೆಸಿದರೆ ಕಡಿಮೆಯಾಗುತ್ತದೆ.

ಬಿಚ್ಚಿಕೊಂಡ ಪ್ರೋಟೀನುಗಳು ಗಂಟುಕಟ್ಟಿ ಬೆಳಕನ್ನು ಚದುರಿಸುವುದರಿಂದ ಅರೆಪಾರದರ್ಶಕವಾಗಿದ್ದ ಮಾಂಸ ಮಂಕು ಗುಲಾಬಿಯಾಗುತ್ತದೆ. ತುಂಡಿನ ಕೊಯ್ದ ಬದಿ ನೋಡುತ್ತಿದ್ದರೆ ಈ ಮಂಕು ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುವುದು ಬರಿಗಣ್ಣಿಗೇ ಕಾಣುತ್ತದೆ. ಮೂಲ ಬಣ್ಣ ಮಾತ್ರ ಮಾಸುವುದಿಲ್ಲ. ಅದು ಅಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯದ್ದು. ಸಾಲ್ಮನ್ ತಿನ್ನುವ ಸಿಗಡಿ ಜಾತಿಯ ಜೀವಿಗಳಿಂದ ಬಂದದ್ದು. ಸಾಕಿದ ಸಾಲ್ಮನ್ನಿಗೆ ಅದನ್ನು ಮೇವಿನಲ್ಲೇ ಬೆರೆಸಿ ಕೊಡುತ್ತಾರೆ. ನಮ್ಮ ಕರಾವಳಿಯ ಸಿಗಡಿ ಬೆಂದಾಗ ಕೆಂಪೇರುವುದೂ ಇದೇ ದ್ರವ್ಯದಿಂದ, ಅದನ್ನು ಹಿಡಿದಿಟ್ಟಿದ್ದ ಪ್ರೋಟೀನು ಬಿಸಿಗೆ ಕೆಟ್ಟು ಬಣ್ಣ ಬಿಟ್ಟುಕೊಟ್ಟಾಗ.

ಸಾಕಿದ ಅಟ್ಲಾಂಟಿಕ್ ಸಾಲ್ಮನ್ನಿನ ನೂರು ಗ್ರಾಮಿನಲ್ಲಿ ಸುಮಾರು 13 ಗ್ರಾಂ ಕೊಬ್ಬು; ಕಾಡು ಸಾಲ್ಮನ್ನಿನಲ್ಲಿ ಅದರ ಅರ್ಧದಷ್ಟು. ಕೊಬ್ಬಿದ್ದದ್ದು ಸ್ವಲ್ಪ ಹೆಚ್ಚು ಬೆಂದರೂ ಸಹಿಸುತ್ತದೆ, ಕಾಡು ಸಾಲ್ಮನ್ ಬೇಗ ಒಣಗುತ್ತದೆ. ಕಂಬಿಯಿಂದ ಹತ್ತು–ಹದಿನೈದು ಸೆಂಟಿಮೀಟರ್ ಕೆಳಗೆ, ಚರ್ಮ ಅಡಿಗೆ ಬರುವಂತೆ, ಲೋಹದ ತಟ್ಟೆಯಲ್ಲಿಡಿ. ಗಾಜಿನ ಪಾತ್ರೆ ಬೇಡ, ಸಿಡಿಯಬಹುದು. ಬೇಕಿಂಗ್ ಕಾಗದವೂ ಬೇಡ, ಹೊತ್ತಿಕೊಳ್ಳಬಹುದು. ಕೊಬ್ಬು ಸೀದು ಹೊಗೆಯೆದ್ದರೆ ಅಲ್ಲಿನ ಮನೆಗಳ ಹೊಗೆ ಅಲಾರಂ ಇಡೀ ಕಟ್ಟಡಕ್ಕೆ ನಿಮ್ಮ ಊಟದ ಸುದ್ದಿ ಮುಟ್ಟಿಸುತ್ತದೆ. ಕಿಟಕಿ ಮೊದಲೇ ತೆರೆದಿಡಿ.

ಗಡಿಯಾರಕ್ಕಿಂತ ಅಡುಗೆ ಥರ್ಮಾಮೀಟರನ್ನು ನಂಬಿ. ದಪ್ಪ ಭಾಗದ ನಡುವೆ ಅದನ್ನು ಚುಚ್ಚಿ, 50 ತೋರಿಸುತ್ತಿದ್ದಂತೆ ಹೊರತೆಗೆಯಿರಿ. ಮೇಲ್ಪದರದ ಬಿಸಿ ಒಳಗಿಳಿದು ಇನ್ನೆರಡು ಡಿಗ್ರಿ ತಾನೇ ಏರುತ್ತದೆ. ಇದು ರುಚಿಯ ಲೆಕ್ಕ. ಅಮೆರಿಕ ಸರ್ಕಾರದ ಸುರಕ್ಷತಾ ಸಲಹೆ 63 ಡಿಗ್ರಿ. ಮನೆಯಲ್ಲಿ ಬಸುರಿ, ಎಳೆಮಕ್ಕಳು, ವಯಸ್ಸಾದವರು ಇದ್ದರೆ ರುಚಿ ತುಸು ಕಡಿಮೆಯಾದರೂ ಸರಿ, 63ನ್ನೇ ಮುಟ್ಟಿಸಿ.