ಮಗನಿಗೆ ‘ಡಬಲ್ ಶಾಕ್’ ಸೈಕಲ್ ಬೇಕಂತೆ!

“ಆಯಿ, ತಗೊಂಡರೆ ಡಬಲ್ ಶಾಕ್ ಸೈಕಲ್ಲೇ. ಮುಂದೂ ಸ್ಪ್ರಿಂಗ್, ಹಿಂದೂ ಸ್ಪ್ರಿಂಗ್. ಇಲ್ಲದಿದ್ದರೆ ಬೇಡವೇ ಬೇಡ!”

ಒಂಬತ್ತನೇ ತರಗತಿಯ ಮಗ ಹೀಗೆ ಹಟ ಹಿಡಿದು ಊಟದ ಎಲೆ ಮುಂದೆ ಮುಖ ಊದಿಸಿ ಕುಳಿತರೆ ತಾಯಿಯಾದವಳು ಏನು ಮಾಡಬೇಕು? ನಾನೂ ಎಲ್ಲ ತಾಯಂದಿರ ಹಾಗೇ ಮಾಡಿದೆ. ಮಲ್ಲಿಗೆ ಮಾರಿ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟಿದ್ದ ಹಣ ತೆಗೆದು ಕೊಟ್ಟುಬಿಟ್ಟೆ. ಸೈಕಲ್ಲು ಬಂತು. ಕೆಂಪು ಬಣ್ಣ, ದಪ್ಪ ಟಯರು, ಸೀಟಿನ ಕೆಳಗೆ ಹಳದಿ ಸ್ಪ್ರಿಂಗು. ಮಾವಿನಕುರ್ವೆಯ ಬಂದರಿನ ತನಕ ಹುಡುಗರೆಲ್ಲ ಹಿಂದೆ ಓಡಿದ್ದೇ ಓಡಿದ್ದು.

ಒಂದು ಮಳೆಗಾಲ ಕಳೆಯಿತು. ಸ್ಪ್ರಿಂಗಿಗೆ ತುಕ್ಕು ಹಿಡಿಯಿತು. ಹಿಂದಿನ ಚಕ್ರ ಕೀಲಿನ ಹತ್ತಿರ ಅತ್ತಿತ್ತ ಅಲ್ಲಾಡತೊಡಗಿತು. “ಎಂತದೋ ಟಕಟಕ ಅಂತದೆ” ಎಂದು ಮಗ ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಸಂಜೆ ಚಿರೆಕಲ್ಲಿನ ಇಳಿಜಾರಿನಲ್ಲಿ ಕೀಲಿನ ಬೋಲ್ಟು ಕಳಚಿತು. ಗದ್ದಕ್ಕೆ ಮೂರು ಹೊಲಿಗೆ. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು.

ಆ ಹುಡುಗ ಈಗ ದೊಡ್ಡವನಾಗಿ ಕೆಲಸಕ್ಕೆ ಸೇರಿದ್ದಾನೆ. ಹೋದ ವರ್ಷ ಮತ್ತೆ ಅದೇ ಮಾತು ತೆಗೆದ: “ಆಯಿ, ಡಬಲ್ ಶಾಕ್ ಸೈಕಲ್ಲು. ಈ ಸಲ ನಿಜವಾದದ್ದು.” ಬೆಲೆ ಕೇಳಿ ನನ್ನ ಕೈಯ ಸೌಟು ಕೆಳಗೆ ಬಿತ್ತು. ಒಂದು ಲಕ್ಷಕ್ಕೂ ಮೇಲೆ! “ಆ ದುಡ್ಡಿಗೆ ಸ್ಕೂಟರ್ ಬರುತ್ತದಲ್ಲೋ ಮಾರಾಯ!” ಎಂದು ಅತ್ತೆಯವರು ಜಪಮಣಿ ಬಿಟ್ಟು ಕೂಗಿದರು. ಆದರೆ ಈ ಸಲ ನಾನು ಬೈಯಲೂ ಇಲ್ಲ, ಕೊಡಲೂ ಇಲ್ಲ. “ಮೊದಲು ನನಗೆ ತಿಳಿಸಿ ಹೇಳು. ಆಮೇಲೆ ನೋಡುವ” ಎಂದೆ. ಹಾಗೆ ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ. ಸೈಕಲ್ಲು ಗಂಡಸರ ವಿಷಯ ಎಂದು ಪುಟ ಮಗುಚಬೇಡಿ. ಹಣ ಹೋಗುವುದು ನಮ್ಮ ಡಬ್ಬಿಯಿಂದ, ಬಿದ್ದು ಬಂದ ಮಗುವಿಗೆ ಅರಿಸಿನ ಹಚ್ಚುವವರೂ ನಾವೇ ತಾನೆ?

ಈ ಸೈಕಲ್ಲು ಎಲ್ಲಿಯದು?

ಗುಡ್ಡದ ಸೈಕಲ್ಲು, ಅಂದರೆ ಮೌಂಟನ್ ಬೈಕ್, ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬ ಕಡೆ, 1970ರ ದಶಕದಲ್ಲಿ. ಅಲ್ಲಿಯ ಹುಡುಗರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಬ್ರೇಕು ಒತ್ತಿ ಒತ್ತಿ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆಯೇಳುತ್ತಿತ್ತಂತೆ. ಪ್ರತಿ ಸಲ ಕೆಳಗಿಳಿದ ಮೇಲೆ ಹೊಸ ಗ್ರೀಸು ತುಂಬಬೇಕು. ಅದಕ್ಕೇ 1976ರಲ್ಲಿ ಶುರುವಾದ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರು. ಅವರ ಜೊತೆ ವೆಂಡಿ ಕ್ರ್ಯಾಗ್ ಎಂಬ ಹೆಣ್ಣುಮಗಳೂ ಇದ್ದಳು. ಆಕೆ ಸೈಕಲ್ಲೂ ಹೊಡೆದಳು, ಆ ದಿನಗಳ ಫೋಟೋಗಳನ್ನೂ ತೆಗೆದಿಟ್ಟಳು. 1977ರಲ್ಲಿ ಜೋ ಬ್ರೀಜ್ ಎಂಬಾತ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ಹುಟ್ಟಿದ ಮೇಲೆ ಮುಂದಿನ ಫೋರ್ಕಿಗೆ ಶಾಕ್ ಬರುವುದು ರೂಢಿಯಾಯಿತು. 1996ರಲ್ಲಿ ಗುಡ್ಡದ ಸೈಕಲ್ಲು ಒಲಿಂಪಿಕ್ಸಿಗೂ ಸೇರಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ ಮಹಿಳೆಯರ ಪಂದ್ಯದಲ್ಲಿ ಮೂರೂ ಪದಕ ಗೆದ್ದವರು ಸ್ವಿಟ್ಜರ್‌ಲೆಂಡಿನ ಹುಡುಗಿಯರೇ. ಇನ್ನು ಮುಂದೆ ಯಾರಾದರೂ “ಹೆಣ್ಣುಮಕ್ಕಳಿಗೆ ಯಾಕೆ ಗುಡ್ಡದ ಸೈಕಲ್ಲು?” ಎಂದರೆ ಇದನ್ನು ಹೇಳಿ.

ನಮ್ಮಲ್ಲಿಯೂ ಸೈಕಲ್ಲು ಹೆಣ್ಣುಮಕ್ಕಳ ದಿಕ್ಕು ಬದಲಿಸಿದ್ದು ಸುಳ್ಳಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ಲು ಕೊಡಲು ಶುರುಮಾಡಿದಾಗ ಎಷ್ಟೋ ಹಳ್ಳಿಯ ಹುಡುಗಿಯರು ಹೈಸ್ಕೂಲಿನ ಮುಖ ಕಂಡರು. ಆ ಸೈಕಲ್ಲಿಗೆ ಸ್ಪ್ರಿಂಗೂ ಇರಲಿಲ್ಲ, ಗೇರೂ ಇರಲಿಲ್ಲ. ಆದರೂ ಅದು ಅವರನ್ನು ಹೊತ್ತು ನಡೆಯಿತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬರೀ ಸ್ಪ್ರಿಂಗ್ ಇದ್ದರೆ ಶಾಕ್ ಅಲ್ಲ

ಅಂಗಡಿಯಲ್ಲಿ ಹತ್ತು-ಹದಿನೈದು ಸಾವಿರಕ್ಕೆ ಸಿಗುವ ಡಬಲ್ ಶಾಕ್‌ಗೂ ಲಕ್ಷದ್ದಕ್ಕೂ ಏನು ವ್ಯತ್ಯಾಸ? ಮಗ ನನಗೆ ಹೀಗೆ ತಿಳಿಸಿದ. ಬ್ಯಾಂಕಿನ ಗಾಜಿನ ಬಾಗಿಲು ನೋಡಿದ್ದೀರಲ್ಲ? ಕೈ ಬಿಟ್ಟರೆ ಮೆಲ್ಲಗೆ ತಾನೇ ಮುಚ್ಚಿಕೊಳ್ಳುತ್ತದೆ. ಅದರೊಳಗೆ ಸ್ಪ್ರಿಂಗೂ ಇದೆ, ಸ್ಪ್ರಿಂಗಿನ ಆವೇಶ ತಡೆಯುವ ಎಣ್ಣೆಯೂ ಇದೆ. ಎಣ್ಣೆ ಇಲ್ಲದೆ ಬರೀ ಸ್ಪ್ರಿಂಗ್ ಹಾಕಿದ ಬಾಗಿಲಾದರೆ ಧಡ್ ಎಂದು ಬಡಿದು ಬೆರಳು ಜಜ್ಜುತ್ತದೆ. ಅಗ್ಗದ ಸೈಕಲ್ಲಿನ ಹಿಂದಿನ ಸ್ಪ್ರಿಂಗು ಹೆಚ್ಚಾಗಿ ಈ ಎರಡನೆಯ ಬಾಗಿಲಿನ ಜಾತಿ. ಗುಂಡಿಗೆ ಬಿದ್ದರೆ ಒತ್ತಿಕೊಳ್ಳುತ್ತದೆ ನಿಜ, ಆದರೆ ಅಷ್ಟೇ ಜೋರಾಗಿ ಮೇಲಕ್ಕೆ ಎಸೆಯುತ್ತದೆ.

ಇನ್ನೊಂದು ತೊಂದರೆ ಏರಿನಲ್ಲಿ. ಪೆಡಲ್ ತುಳಿದಷ್ಟೂ ಸ್ಪ್ರಿಂಗು ಕುಣಿಯುತ್ತದೆ, ಕಾಲಿನ ಶಕ್ತಿ ಮುಂದೆ ಹೋಗುವ ಬದಲು ಮೇಲೆ ಕೆಳಗೆ ಆಡುವುದಕ್ಕೇ ಮುಗಿಯುತ್ತದೆ. ಅದರ ಮೇಲೆ ಉಕ್ಕಿನ ಭಾರ, ಎಷ್ಟೋ ಸೈಕಲ್ಲುಗಳು 18 ಕಿಲೋ ಮೀರುತ್ತವೆ. ಒಳ್ಳೆಯವು 13-15 ಕಿಲೋ ಆಸುಪಾಸು. ಅವುಗಳ ಹಿಂದಿನ ಕೀಲುಗಳಲ್ಲಿ ಬೇರಿಂಗ್ ಇರುತ್ತದೆ, ಶಾಕಿನಲ್ಲಿ ಗಾಳಿ ತುಂಬಿ ಸವಾರನ ತೂಕಕ್ಕೆ ಹೊಂದಿಸಬಹುದು.

ನಿಮ್ಮ ಮನೆಗೆ ಯಾವುದು?

ಇಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ಶಾಲೆ, ಟ್ಯೂಷನ್, ಕಿರಾಣಿ ಅಂಗಡಿ – ಇಷ್ಟೇ ಓಡಾಟವಾದರೆ ಶಾಕೇ ಬೇಡ. ಗಟ್ಟಿ ಫ್ರೇಮಿನ ಸಾದಾ ಸೈಕಲ್ಲು ಸಾಕು. ಮಣ್ಣುದಾರಿ, ತೋಟದ ದಾರಿ ಇದ್ದರೆ ಮುಂದೆ ಮಾತ್ರ ಶಾಕ್ ಇರುವ ಹಗುರ ಸೈಕಲ್ಲು ಬಹಳವಾಯಿತು. ಅದೇ ಹಣಕ್ಕೆ ಎರಡೂ ಕಡೆ ಶಾಕ್ ಕೊಡುತ್ತೇನೆಂದು ಯಾರಾದರೂ ಹೇಳಿದರೆ, ಬ್ರೇಕು, ಬೇರಿಂಗ್, ಗೇರುಗಳಲ್ಲಿ ಎಲ್ಲಿ ಉಳಿಸಿದ್ದಾರೆ ಎಂದು ಕೇಳಿ. ಹದಿಮೂರು ರೂಪಾಯಿಯ ತುಪ್ಪದಲ್ಲಿ ಎಷ್ಟು ತುಪ್ಪ ಇದ್ದೀತು, ನೀವೇ ಹೇಳಿ!

ನಿಜವಾದ ಡಬಲ್ ಶಾಕ್ ಬೇಕಾಗುವುದು ಕಲ್ಲು, ಬೇರು, ಕೊರಕಲು ಇರುವ ದಾರಿಯಲ್ಲಿ ಮತ್ತೆ ಮತ್ತೆ ಹತ್ತಿ ಇಳಿಯುವವರಿಗೆ. ನಮ್ಮ ಕರಾವಳಿಯ ಬೆನ್ನಿಗೇ ಘಟ್ಟ ಇದೆ. ಹೊನ್ನಾವರದಿಂದ ಗೇರುಸೊಪ್ಪೆ, ಕುಮಟೆಯಿಂದ ದೇವಿಮನೆ. ಹುಡುಗರಿಗೆ ಆಸೆ ಹುಟ್ಟುವುದು ಸಹಜ. ಆದರೆ ಒಂದು ಎಚ್ಚರಿಕೆ. ಗೇರುಸೊಪ್ಪೆಯ ಮೇಲಿನ ಕಾಡು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿದ್ದು, ಸಿಂಗಳೀಕಗಳ ಮನೆ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಳದಾರಿಗೆ ಸೈಕಲ್ಲು ಇಳಿಸುವಂತಿಲ್ಲ.

ಶಾಕ್ ಎಷ್ಟು ಒತ್ತಿಕೊಂಡು ಚಕ್ರ ಎಷ್ಟು ಮೇಲೇಳುತ್ತದೆ ಎಂಬುದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. 100ರಿಂದ 120 ಮಿ.ಮೀ. ದೂರ ತುಳಿಯುವವರಿಗೆ. 120ರಿಂದ 150 ಎಲ್ಲ ಬಗೆಯ ಗುಡ್ಡದಾರಿಗೆ. 200ರ ಹತ್ತಿರದ್ದು ಬರೀ ಇಳಿಯುವ ಪಂದ್ಯದವರಿಗೆ, ಅದನ್ನು ಏರು ಹತ್ತಿಸುವುದೆಂದರೆ ಒರಳುಕಲ್ಲು ಹೊತ್ತ ಹಾಗೆ. ನಮ್ಮ ಮಗನಿಗೆ 130 ಎಂದು ತೀರ್ಮಾನವಾಯಿತು.

ಬಿಡಿ ಸಾಮಾನು ತಂದು ಕಟ್ಟಿದ್ದು

ಹೊಸತನ್ನು ಕೊಳ್ಳಲು ಹಣ ಸಾಲಲಿಲ್ಲ. ಬೆಂಗಳೂರಿನಲ್ಲಿ ಒಬ್ಬರು ಬಳಸಿದ ಫ್ರೇಮು ಮಾರುತ್ತಿದ್ದರು. ಮಗನ ಸಂಬಳದ್ದು ಅರ್ಧ, ನನ್ನ ಮಲ್ಲಿಗೆಯದು ಅರ್ಧ. ಒಂದು ಮಾತು ಮೊದಲೇ ತಿಳಿದಿರಲಿ. ಎಲ್ಲವನ್ನೂ ಹೊಸದಾಗಿ ಬಿಡಿಬಿಡಿಯಾಗಿ ಕೊಂಡರೆ ಇಡೀ ಸೈಕಲ್ಲಿಗಿಂತ ದುಬಾರಿಯಾಗುತ್ತದೆ. ಬಳಸಿದ್ದು ಸಿಕ್ಕರೆ, ಅದೂ ಪರೀಕ್ಷೆ ಮಾಡಿ ಕೊಂಡರೆ ಮಾತ್ರ ಲಾಭ.

ಫ್ರೇಮನ್ನು ಹಗಲು ಬೆಳಕಿನಲ್ಲಿ ಒರೆಸಿ ನೋಡಬೇಕು. ಬೆಸುಗೆಯ ಬದಿ, ಪೆಡಲಿನ ಗೂಡಿನ ಸುತ್ತ, ಕೀಲುಗಳ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ. ಹಿಂದಿನ ಭಾಗವನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ, ಕೀಲು ಟಕ್ ಎಂದರೆ ಬೇರಿಂಗ್ ಖರ್ಚು ಬೆಲೆಯಲ್ಲಿ ಕಳೆಯಿರಿ. ಅಳತೆಯೂ ಮುಖ್ಯ. ಮಧ್ಯದ ಕೊಳವೆಯ ಮೇಲೆ ಎರಡೂ ಪಾದ ನೆಲಕ್ಕೂರಿ ನಿಂತಾಗ ಕೊಳವೆಗೂ ಮೈಗೂ ನಡುವೆ ಒಂದೆರಡು ಅಂಗುಲವಾದರೂ ಬಿಡುವಿರಬೇಕು. “ಬೆಳೆಯುವ ಹುಡುಗ, ದೊಡ್ಡದೇ ಇರಲಿ” ಎಂಬ ಲೆಕ್ಕ ಶರಟಿಗೆ ಸರಿ, ಸೈಕಲ್ಲಿಗೆ ಅಲ್ಲ.

ಆಮೇಲೆ ಸಾಮಾನಿನ ಪಟ್ಟಿ. ಅಡಿಗೆಗೆ ಇಳಿಯುವ ಮುಂಚೆ ನಾವು ಎಲ್ಲ ತೆಗೆದಿಟ್ಟುಕೊಳ್ಳುವುದಿಲ್ಲವೇ, ಹಾಗೆಯೇ:

• ಹಿಂದಿನ ಶಾಕ್ – ತುದಿಯಿಂದ ತುದಿಗೆ ಉದ್ದ ಮತ್ತು ಒತ್ತಿಕೊಳ್ಳುವ ಅಳತೆ, ಎರಡೂ ಫ್ರೇಮಿಗೆ ಸರಿಹೊಂದಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೂ ಚಕ್ರ ಫ್ರೇಮಿಗೆ ಬಡಿಯಬಹುದು.
• ಮುಂದಿನ ಫೋರ್ಕ್ – ಹ್ಯಾಂಡಲಿನ ಕೊಳವೆಯೊಳಗೆ ಕೂರಬೇಕು. ಒಳಗೊಳವೆಗಳಲ್ಲಿ ಹುರುಪು, ಗೀರು ಇರಬಾರದು.
• ಚಕ್ರಗಳು – 26, 27.5, 29 ಅಂಗುಲ ಎಂದು ಮೂರು ಅಳತೆ. ಫ್ರೇಮಿನಷ್ಟೇ ಅಲ್ಲ, ಹಬ್ಬಿನ ಅಗಲವೂ ಹೊಂದಬೇಕು.
• ಪೆಡಲಿನ ಗೂಡು, ಕ್ರ್ಯಾಂಕು, ಗೇರು, ಚೈನು – ಗೇರಿನ ಹಲ್ಲುಗಳ ಸುತ್ತು ಎಷ್ಟೋ ಚೈನೂ ಅಷ್ಟರದೇ ಇರಬೇಕು.
• ಎಣ್ಣೆಯ ಡಿಸ್ಕ್ ಬ್ರೇಕು, ಹ್ಯಾಂಡಲ್, ಸೀಟು, ಟಯರು.

ಒಂದು ತಿಂಗಳು ನಮ್ಮ ಜಗಲಿ ಸೈಕಲ್ ಅಂಗಡಿಯೇ ಆಗಿತ್ತು. ಮೊದಲು ಫೋರ್ಕು, ಆಮೇಲೆ ಶಾಕು, ಪೆಡಲಿನ ಗೂಡು, ಚಕ್ರ, ಗೇರು, ಚೈನು, ಕೊನೆಗೆ ಬ್ರೇಕು. ಬೋಲ್ಟನ್ನು “ಗಟ್ಟಿಯಾಗಿರಲಿ” ಎಂದು ಮೈಬಲವೆಲ್ಲ ಹಾಕಿ ತಿರುಗಿಸಬಾರದಂತೆ. ಎಷ್ಟು ಬಿಗಿ ಎಂದು ಅಳೆಯುವ ಟಾರ್ಕ್ ರೆಂಚ್ ಎಂಬ ಹತ್ಯಾರವೇ ಇದೆ. ಹ್ಯಾಂಡಲಿನ ಸಣ್ಣ ಬೋಲ್ಟುಗಳಿಗೆ ಸಾಧಾರಣವಾಗಿ 5-6 ನ್ಯೂಟನ್ ಮೀಟರ್ ಸಾಕು, ಭಾಗದ ಮೇಲೆ ಬರೆದೂ ಇರುತ್ತದೆ. ಹಿಂದಿನ ಕೀಲಿನ ಬೋಲ್ಟುಗಳನ್ನು ನಾನೇ ಪಕ್ಕದಲ್ಲಿ ನಿಂತು ಎರಡೆರಡು ಸಲ ನೋಡಿಸಿದೆ. “ಆಯಿ, ಸಾಕು!” ಎಂದ. “ಗದ್ದ ಮುಟ್ಟಿ ನೋಡಿಕೋ, ಆಮೇಲೆ ಮಾತಾಡು” ಎಂದೆ.

ಗಾಳಿ ಹದ ಮಾಡುವುದೇ ಕೊನೆಯ ಒಗ್ಗರಣೆ. ಸವಾರ ಹೆಲ್ಮೆಟ್ಟು, ಚೀಲ ಸಮೇತ ಕುಳಿತಾಗ ಹಿಂದಿನ ಶಾಕ್ ತನ್ನ ಓಟದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದಕ್ಕಿಂತ ತುಸು ಕಡಿಮೆ ತನಕ ಕುಗ್ಗಬೇಕು. ಓಟ 50 ಮಿ.ಮೀ. ಇದ್ದರೆ ಕುಗ್ಗು 12ರಿಂದ 15. ಶಾಕಿನ ಮೇಲಿನ ರಬ್ಬರ್ ಉಂಗುರ ಸರಿದ ಜಾಗವನ್ನು ನನ್ನ ಹೊಲಿಗೆ ಟೇಪಿನಲ್ಲೇ ಅಳೆದೆವು. ಇದಕ್ಕೆ ಬೇರೆಯೇ ಪಂಪು ಬೇಕು, ಪಂಕ್ಚರ್ ಅಂಗಡಿಯ ಗಾಳಿ ಹಾಕಿಸಬೇಡಿ.

ಉಪ್ಪು ಗಾಳಿ, ಮೂರು ತಿಂಗಳ ಮಳೆ

ನಮ್ಮ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ. ಮೇಲಿಂದ ಸಮುದ್ರದ ಉಪ್ಪುಗಾಳಿ. ಸೈಕಲ್ಲಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಈ ನಾಲ್ಕು ಕೆಲಸ ತಪ್ಪಿಸಬೇಡಿ:

1. ಮಳೆಯಲ್ಲಿ ತಿರುಗಿ ಬಂದ ದಿನವೇ ಸಿಹಿನೀರು ಹಾಕಿ ಮೆತ್ತಗೆ ತೊಳೆದು ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ಕಾರು ತೊಳೆಯುವಲ್ಲಿಯ ಜೋರು ನೀರು ಬೇರಿಂಗಿನ ಗ್ರೀಸನ್ನು ಹೊರದೂಡುತ್ತದೆ.
2. ಚೈನಿಗೆ ಕೊಬ್ಬರಿ ಎಣ್ಣೆ ಬೇಡ! ಧೂಳು ಹಿಡಿದು ಅಂಟಾಗುತ್ತದೆ. ಚೈನಿನದೇ ಎಣ್ಣೆ, ಕೊಂಡಿಗೊಂದು ಹನಿ ಬಿಟ್ಟು, ಹೊರಗಿನದನ್ನು ಒರೆಸಿ ತೆಗೆಯಿರಿ.
3. ಬ್ರೇಕಿನ ಡಿಸ್ಕಿಗೆ ಎಣ್ಣೆಕೈ ತಾಗಬಾರದು. ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ಬ್ರೇಕಿನೊಳಗಿನ ಎಣ್ಣೆಯಲ್ಲೂ ಎರಡು ಜಾತಿ: ಮಿನರಲ್ ಆಯಿಲ್ ಮತ್ತು ಡಾಟ್. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರು ಕೆಡುತ್ತದೆ.
4. ಸುಮಾರು 50 ಗಂಟೆ ಓಡಿದ ಮೇಲೆ ಫೋರ್ಕನ್ನು ಬಿಚ್ಚಿ ಎಣ್ಣೆ ಬದಲಿಸಬೇಕು. ತಿಳಿದವರ ಕೈಯಲ್ಲೇ ಮಾಡಿಸಿ. ಶಾಕನ್ನಂತೂ ಮನೆಯಲ್ಲಿ ಬಿಚ್ಚಬೇಡಿ, ಒಳಗೆ ಗಾಳಿಯ ಒತ್ತಡ ಇರುತ್ತದೆ.

ಹೆಲ್ಮೆಟ್ಟು ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಿಂದಕ್ಕೆ ವಾಲಿಸಿ ಹಾಕಿದರೆ ಹಣೆಗೆ ರಕ್ಷಣೆ ಇಲ್ಲ. ಒಮ್ಮೆ ಜೋರಾಗಿ ಬಿದ್ದು ಪೆಟ್ಟಾದ ಹೆಲ್ಮೆಟ್ಟನ್ನು ಮತ್ತೆ ಹಾಕಬಾರದು. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ತಿರುಳು ಜಜ್ಜಿರುತ್ತದೆ. ಹೆದ್ದಾರಿ 66ರ ಮೇಲೆ ಲಾರಿಗಳ ನಡುವೆ ಮಕ್ಕಳನ್ನು ಬಿಡಬೇಡಿ. ಯಾವ ಶಾಕೂ ಅಲ್ಲಿ ಕಾಪಾಡುವುದಿಲ್ಲ.

ಒಟ್ಟು ಖರ್ಚು ಲಕ್ಷಕ್ಕೆ ತುಸು ಕಡಿಮೆ ಬಂತು. ದುಬಾರಿಯೇ, ಅಲ್ಲವೆನ್ನುವುದಿಲ್ಲ. ಆದರೆ ಮೊದಲ ಸೈಕಲ್ಲಿಗೆ ಕೊಟ್ಟ ಹಣಕ್ಕೆ ನನಗೆ ಸಿಕ್ಕಿದ್ದು ಒಂದು ಮಳೆಗಾಲ ಮತ್ತು ಮೂರು ಹೊಲಿಗೆ. ಅಂದು ಕೊಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿದ್ದರೆ ಅಷ್ಟೇ ಹಣಕ್ಕೆ ಶಾಕಿಲ್ಲದ ಗಟ್ಟಿ ಸೈಕಲ್ಲು ಬರುತ್ತಿತ್ತು, ಹುಡುಗ ಹೈಸ್ಕೂಲು ಮುಗಿಸುವ ತನಕ ತುಳಿಯುತ್ತಿದ್ದ.

ಮೊನ್ನೆ ಭಾನುವಾರ ಮಗ ಹೊಸ ಸೈಕಲ್ಲು ಏರಿ ಹೊರಟ. ಗೇಟಿನ ಹತ್ತಿರ ನಿಂತು ಕೀಲಿನ ಬೋಲ್ಟನ್ನು ತಾನೇ ಬಗ್ಗಿ ಮುಟ್ಟಿ ನೋಡಿದ. ನಾನು ಹೇಳಲೇ ಇಲ್ಲ. ಅದನ್ನು ನೋಡಿದ ಮೇಲೆ ನಿಶ್ಚಿಂತೆಯಿಂದ ಒಳಗೆ ಬಂದು ದೋಸೆಕಾವಲಿ ಇಟ್ಟೆ.