ಬಂಧನದ ವೇಳೆ ನಾಗರಿಕರಿಗಿರುವ ಹಕ್ಕುಗಳು

ಅಪರಾಧ ತಡೆಯಲು ಪೊಲೀಸರಿಗೆ ಬಂಧಿಸುವ ಅಧಿಕಾರ ಬೇಕೇ ಬೇಕು. ಆದರೆ ಆ ಅಧಿಕಾರಕ್ಕೆ ಲೆಕ್ಕ ಕೇಳುವವರಿಲ್ಲದಿದ್ದರೆ ನಿರಪರಾಧಿಯೂ ನರಳಬೇಕಾಗುತ್ತದೆ. ಆದ್ದರಿಂದಲೇ ನಮ್ಮ ಸಂವಿಧಾನದ 22ನೇ ವಿಧಿ ಮೂರು ರಕ್ಷಣೆಗಳನ್ನು ನೀಡಿದೆ. ಬಂಧಿತರಿಗೆ ಬಂಧನದ ಕಾರಣ ತಿಳಿಸಬೇಕು. ತಮಗೆ ಬೇಕಾದ ವಕೀಲರ ಸಲಹೆ ಪಡೆಯಲು ಅವಕಾಶ ಕೊಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. (ಮುನ್ನೆಚ್ಚರಿಕೆ ಬಂಧನದ ಕಾಯ್ದೆಗಳಿಗೆ ಬೇರೆ ನಿಯಮಗಳಿವೆ.)

ಸಂವಿಧಾನದಲ್ಲಿ ಹೀಗೆ ಬರೆದಿದ್ದರೂ ಠಾಣೆಗಳಲ್ಲಿ ಸಾವುಗಳು ನಿಲ್ಲಲಿಲ್ಲ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಡಿ.ಕೆ. ಬಸು ಅವರು, ಪೊಲೀಸ್ ವಶದಲ್ಲಿನ ಸಾವುಗಳ ಪತ್ರಿಕಾ ವರದಿಗಳನ್ನು ಉಲ್ಲೇಖಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ನ್ಯಾಯಾಲಯ ಆ ಪತ್ರವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿತು. 1996ರ ಡಿಸೆಂಬರ್ 18ರಂದು ತೀರ್ಪು ನೀಡಿ 11 ಸೂಚನೆಗಳನ್ನು ಹೊರಡಿಸಿತು. ಅವುಗಳಲ್ಲಿ ಮುಖ್ಯವಾದವು ಇವು:

• ಬಂಧಿಸುವ ಪೊಲೀಸರು ಹೆಸರು, ಹುದ್ದೆ ಸ್ಪಷ್ಟವಾಗಿ ಕಾಣುವ ಪಟ್ಟಿ ಧರಿಸಿರಬೇಕು.
• ಬಂಧನದ ದಿನಾಂಕ, ಸಮಯ ನಮೂದಿಸಿದ ಪತ್ರ ಸಿದ್ಧಪಡಿಸಬೇಕು. ಅದಕ್ಕೆ ಬಂಧಿತರ ಸಹಿ ಬೇಕು. ಮನೆಯವರು ಅಥವಾ ಆ ಪ್ರದೇಶದ ಗೌರವಾನ್ವಿತರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಜಮಾಅತಿನ ಹಿರಿಯರು, ಶಿಕ್ಷಕರು ಇಂಥ ಸಾಕ್ಷಿಯಾಗಬಹುದು.
• ಬಂಧಿತರ ಬಂಧುಗಳಿಗೆ ಅಥವಾ ಸ್ನೇಹಿತರಿಗೆ ಆದಷ್ಟು ಬೇಗ ವಿಷಯ ತಿಳಿಸಬೇಕು.
• ವಶದಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ನಡೆಸಬೇಕು.

ಇವನ್ನು ಪಾಲಿಸದ ಅಧಿಕಾರಿಯ ಮೇಲೆ ಇಲಾಖಾ ಕ್ರಮದ ಜೊತೆಗೆ ನ್ಯಾಯಾಂಗ ನಿಂದನೆಯ ಕ್ರಮವನ್ನೂ ಕೈಗೊಳ್ಳಬಹುದು. ಒಂದು ಸಹಿ, ಒಂದು ಸಮಯದ ನಮೂದು ಸಣ್ಣ ವಿಷಯವೆನಿಸಬಹುದು. ಆದರೆ "ಅವನನ್ನು ನಾವು ಕರೆತಂದೇ ಇಲ್ಲ" ಎಂಬ ಮಾತಿಗೆ ಅವಕಾಶವಿಲ್ಲದಂತೆ ಮಾಡುವುದು ಈ ಕಾಗದವೇ.

ನಮ್ಮ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು 18 ವರ್ಷದೊಳಗಿನವರು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಈ ವಯಸ್ಸಿನವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಪೋಷಕರಿಗೂ ತಿಳಿಸಬೇಕು.

ಮನೆಯವರನ್ನೋ ನೆರೆಯವರನ್ನೋ ಪೊಲೀಸರು ಕರೆದೊಯ್ದರೆ ಜಗಳಕ್ಕಿಳಿಯಬೇಡಿ, ಅಡ್ಡಿಪಡಿಸಬೇಡಿ. ಕಾರಣವೇನು, ಯಾವ ಠಾಣೆಗೆ ಎಂದು ವಿನಯದಿಂದ ಕೇಳಿ. ಅಧಿಕಾರಿಯ ಹೆಸರು ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಿ. ವಕೀಲರ ಶುಲ್ಕಕ್ಕೆ ಹಣವಿಲ್ಲವೆಂದು ಸುಮ್ಮನಿರಬೇಕಿಲ್ಲ. ವಶದಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100. ವ್ಯಕ್ತಿ ಎಲ್ಲಿದ್ದಾರೆಂದೇ ತಿಳಿಯದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಬಹುದು.

ಹಕ್ಕು ಗೊತ್ತಿಲ್ಲದವರ ಮೇಲೆ ದಬ್ಬಾಳಿಕೆ ಸುಲಭ. ಇದನ್ನು ಓದಿದ ನೀವು ಮನೆಯಲ್ಲಿ ಅಮ್ಮ, ಅಬ್ಬ, ಅಜ್ಜಿಯರಿಗೂ ಓದಿ ಹೇಳಿ.